ಒಂದನೇ ನಂಬರ್ ಪೇಷಂಟಿಗೆ ಒಂದು ಟೇಪು ಕೊಟ್ಟೆ

ಹೊಸ ಮದ್ದಿನ ಟ್ರಯಲ್‌ಗೆ, ಅಂದರೆ ಪ್ರಯೋಗಕ್ಕೆ, ಸೇರಿದ ಒಬ್ಬ ಹೆಂಗಸಿನ ಕಥೆಯನ್ನು ನಾನು ಮೂರು ಸಲ ಬರೆದೆ. ಮೊದಲ ಸಲ ಹದಿನಾಲ್ಕು ಪುಟ ಆಗಿತ್ತು. ಅದರಲ್ಲಿ ಪೇಷಂಟ್ ಬಾಯಿ ಬಿಡುವುದು ನಾಲ್ಕೇ ಸಲ. ಉಳಿದ ಮಾತೆಲ್ಲ ಡಾಕ್ಟರದ್ದು. ಹೊಸ ಮದ್ದು ಹೇಗೆ ಕೆಲಸ ಮಾಡುತ್ತದೆ, ಕಂಡುಹಿಡಿಯಲು ಎಷ್ಟು ಕಷ್ಟಪಟ್ಟರು, ಇದೇ. ನನ್ನ ಗೆಳತಿಯೊಬ್ಬಳು ಬಹಳ ವರ್ಷ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು. ಓದಿ, ಹಾಳೆ ವಾಪಸ್ ಕೊಡುತ್ತಾ ಕೇಳಿದಳು: "ಈ ಹೆಂಗಸು ಹಗಲೆಲ್ಲ ಏನು ಮಾಡ್ತಾಳೆ?"

ಸುಮ್ನೆ ಮಲಗಿರ್ತಾಳೆ ಅಂದೆ.

"ಸುಮ್ನೆ ಮಲಗಿರೋ ಪೇಷಂಟನ್ನ ನಾನು ಇವತ್ತಿನವರೆಗೂ ನೋಡಿಲ್ಲ" ಅಂದಳು.

ಆ ಮಾತು ನಾಟಿತು. ಅಲ್ಲಿಂದ ಕಥೆಯನ್ನು ಮತ್ತೆ ಬಿಚ್ಚಿ ಹೊಲಿದೆ.

ಕಥೆಯ ಎಳೆ ಇಷ್ಟು. ಅವಳು ದರ್ಜಿ. ಅಪಘಾತದಲ್ಲಿ ಬಲಗೈಯ ನರ ಭುಜದ ಸ್ವಲ್ಪ ಕೆಳಗೆ ತುಂಡಾಗಿದೆ. ಆಪರೇಷನ್ ಮಾಡಿ ಜೋಡಿಸಿದ್ದಾರೆ. ಆದರೆ ಜೋಡಿಸಿದ ಕೂಡಲೇ ನರ ಕೆಲಸ ಶುರು ಮಾಡುವುದಿಲ್ಲ. ಕಡಿದ ಜಾಗದಿಂದ ಕೆಳಗಿನ ಎಳೆಗಳು ಸಾಯುತ್ತವೆ. ಮೇಲಿನಿಂದ ಹೊಸ ಎಳೆ ಚಿಗುರಿ, ಹಳೆಯ ಎಳೆ ಇದ್ದ ಕೊಳವೆಯೊಳಗೇ ದಾರಿ ಹಿಡಿದು ಬೆಳೆಯಬೇಕು. ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಗಾಯದಿಂದ ಬೆರಳ ತುದಿಗೆ 60 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ, 600 ದಿನ ಬೇಕು. ಅಷ್ಟರಲ್ಲಿ ನರವಿಲ್ಲದ ಸ್ನಾಯು ಸೊರಗಿಹೋಗುತ್ತದೆ. ಒಂದು, ಒಂದೂವರೆ ವರ್ಷ ದಾಟಿದರೆ, ನರ ಬಂದು ತಲುಪಿದರೂ ಸ್ನಾಯು ಅದರ ಮಾತು ಕೇಳುವುದು ಕಷ್ಟ. ಇಲ್ಲಿಯವರೆಗೆ ಎಲ್ಲವೂ ಇವತ್ತಿನ ವೈದ್ಯಕೀಯದಲ್ಲಿ ಇರುವುದೇ. ನಾನು ಕಲ್ಪಿಸಿದ್ದು ಒಂದೇ ಒಂದು: ನರವನ್ನು ದಿನಕ್ಕೆ 1 ಸೆಂಟಿಮೀಟರ್ ಬೆಳೆಸುವ ಮದ್ದು. ಇನ್ನೊಂದು ಪವಾಡ ಸೇರಿಸುವ ಆಸೆ ನಡುನಡುವೆ ಬಂತು. ತಡೆದುಕೊಂಡೆ. ಒಂದು ಸುಳ್ಳು ನಿಲ್ಲಬೇಕಾದರೆ ಅದರ ಸುತ್ತ ಇರುವುದೆಲ್ಲ ಗಟ್ಟಿಯಾಗಿರಬೇಕು.

ಎರಡನೇ ಸಲ ಬರೆಯುವ ಮುಂಚೆ, ಮನುಷ್ಯರ ಮೇಲೆ ಹೊಸ ಮದ್ದಿನ ಮೊದಲ ಟ್ರಯಲ್ ಹೇಗೆ ನಡೆಯುತ್ತದೆ ಅಂತ ಓದಿಕೊಂಡೆ. ನನ್ನ ಮೊದಲ ಪ್ರತಿ ಅಲ್ಲೇ ಕುಸಿಯಿತು. ಆ ಹಂತದ ಉದ್ದೇಶ ವಾಸಿ ಮಾಡುವುದಲ್ಲ. ಮದ್ದು ಎಷ್ಟರವರೆಗೆ ಅಪಾಯವಿಲ್ಲ ಅಂತ ತಿಳಿಯುವುದು. ಅದಕ್ಕೇ ತೀರ ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ಮೂರು ಜನರಿಗೆ ಕೊಡುತ್ತಾರೆ, ಕಾಯುತ್ತಾರೆ, ತೊಂದರೆ ಕಾಣದಿದ್ದರೆ ಮುಂದಿನ ಮೂವರಿಗೆ ಸ್ವಲ್ಪ ಹೆಚ್ಚು. ಹಾಗಾದರೆ ಮೊದಲು ಬಂದವರಿಗೆ ಸಿಗುವುದು ಬಹುಶಃ ಏನೂ ಮಾಡದಷ್ಟು ಕಡಿಮೆ ಮದ್ದು. ಕನ್ಸೆಂಟ್ ಫಾರ್ಮಿನಲ್ಲಿ, ಅಂದರೆ ಒಪ್ಪಿಗೆ ಪತ್ರದಲ್ಲಿ, ಇದನ್ನು ಬರೆದಿರುತ್ತಾರೆ. ಪೇಷಂಟುಗಳು ಓದಿ ಸಹಿಯನ್ನೂ ಹಾಕಿರುತ್ತಾರೆ. ಆದರೂ ಮನಸ್ಸು ಅದನ್ನು ಚಿಕಿತ್ಸೆ ಅಂತಲೇ ತೆಗೆದುಕೊಳ್ಳುತ್ತದೆ. 1982ರಲ್ಲಿ ಅಮೆರಿಕದ ಮನೋವೈದ್ಯ ಪೌಲ್ ಆಪಲ್‌ಬಾಮ್ ಮತ್ತು ಅವರ ಜೊತೆಗಾರರು ಈ ತಪ್ಪು ತಿಳಿವಳಿಕೆಗೆ ಒಂದು ಹೆಸರನ್ನೇ ಕೊಟ್ಟರು. ನನಗೆ ಅದನ್ನು ತಪ್ಪು ಅನ್ನಲು ಬಾಯಿ ಬರುವುದಿಲ್ಲ. ಕೈ ಕಳೆದುಕೊಂಡ ದರ್ಜಿ ಇನ್ನು ಹೇಗೆ ಓದಿಯಾಳು ಆ ಕಾಗದವನ್ನು?

ಅವಳನ್ನು ಒಂದನೇ ನಂಬರ್ ಮಾಡಿದ್ದು 2006ರ ಒಂದು ಘಟನೆ ಓದಿದ ಮೇಲೆ. ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಮದ್ದನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟರು. ಎಂಟು ಜನ ಗಂಡಸರು, ಎಲ್ಲ ಆರೋಗ್ಯವಂತರು. ಆರು ಜನರಿಗೆ ಮದ್ದು, ಹೋಲಿಸಿ ನೋಡಲು ಇಬ್ಬರಿಗೆ ಬರೀ ಉಪ್ಪುನೀರು; ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿರಲಿಲ್ಲ. ಪ್ರಾಣಿಗಳಲ್ಲಿ ಸುರಕ್ಷಿತ ಅಂತ ಕಂಡ ಡೋಸಿನ 500ರಲ್ಲಿ ಒಂದು ಪಾಲು ಅಷ್ಟೇ. ಆದರೆ ಒಬ್ಬರಾದ ಮೇಲೆ ಒಬ್ಬರಿಗೆ, ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟುಬಿಟ್ಟರು. ಒಂದೂವರೆ ಗಂಟೆಯೊಳಗೆ ತಲೆನೋವು, ಮೈಕೈ ನೋವು, ಜ್ವರ ಶುರುವಾಯಿತು. ಆರೂ ಜನ ತೀವ್ರ ನಿಗಾ ಘಟಕಕ್ಕೆ ಹೋದರು. ಎಲ್ಲರೂ ಬದುಕಿ ಉಳಿದರು, ಒಬ್ಬರಂತೂ ಬೆರಳುಗಳನ್ನು ಕಳೆದುಕೊಂಡರು. ಆಮೇಲೆ ನಿಯಮ ಬಿಗಿಯಾಯಿತು: ಮೊದಲು ಒಬ್ಬರಿಗೆ ಕೊಡಿ, ಕಾದು ನೋಡಿ, ಆಮೇಲೆ ಉಳಿದವರಿಗೆ.

ಆ ಉಪ್ಪುನೀರಿನ ಇಬ್ಬರು ನನ್ನ ತಲೆಯಿಂದ ಹೋಗಲೇ ಇಲ್ಲ. ಅದೇ ವಾರ್ಡು, ಅದೇ ಹಾಸಿಗೆ. ಪಕ್ಕದವರು ಒಬ್ಬೊಬ್ಬರಾಗಿ ನರಳುವುದನ್ನು ನೋಡುತ್ತಾ, ಇನ್ನೇನು ನನ್ನ ಸರದಿ ಅಂತ ಕೂತಿರುವುದು. ನನ್ನ ಕಥೆಯಲ್ಲಿ ಅದನ್ನು ತಿರುವಿ ಹಾಕಿದೆ. ಅವಳಿಗೆ ಡ್ರಿಪ್ ಹಾಕಿದ್ದಾರೆ. ಮುಂದಿನ ಸರದಿಯವರು ಬಾಗಿಲ ಬಳಿ ಸುಳಿಯುತ್ತಾರೆ. ಅವಳನ್ನು ನೋಡುವುದು ಕನಿಕರದಿಂದಲ್ಲ, ಹವಾಮಾನ ನೋಡುವ ಹಾಗೆ. ನಾಲ್ಕನೇ ನಂಬರ್ ಒಬ್ಬ ಹುಡುಗ, ಹೆಚ್ಚಿನ ಡೋಸಿಗೆ ಕಾಯುತ್ತಿರುವವನು. ದಿನಾ ಬಂದು ಕೇಳುತ್ತಾನೆ: "ಅಕ್ಕಾ, ಏನಾದ್ರೂ ಗೊತ್ತಾಗ್ತಿದೆಯಾ?" ಟ್ರಯಲ್‌ಗಳಲ್ಲಿ ಪೇಷಂಟಿಗೆ ಹೆಸರಿನ ಬದಲು ನಂಬರ್ ಬಳಸುತ್ತಾರೆ. ಕಥೆಯಲ್ಲಿ ನಾನೂ ಹೆಸರಿಡಲಿಲ್ಲ. ಆ ಹುಡುಗನ ಬಾಯಲ್ಲಿ ಬರುವ ‘ಅಕ್ಕಾ’ ಒಂದೇ ಅವಳ ಹೆಸರು.

ಕಥೆಯ ಗಡಿಯಾರವೂ ಟ್ರಯಲ್‌ನಿಂದಲೇ ಸಿಕ್ಕಿತು. ಮದ್ದು ಮೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ನೋಡಲು ಪದೇಪದೇ ರಕ್ತ ತೆಗೆಯುತ್ತಾರೆ. ಮೊದಲು ಬೇಗಬೇಗ, ಆಮೇಲೆ ಅಂತರ ಹಿಗ್ಗುತ್ತದೆ. ನಾನು ಹದಿನೈದನೇ ನಿಮಿಷ, ಅರ್ಧ ಗಂಟೆ, ಒಂದು, ಎರಡು, ನಾಲ್ಕು, ಎಂಟು, ಇಪ್ಪತ್ತನಾಲ್ಕು ಗಂಟೆ ಅಂತ ಇಟ್ಟುಕೊಂಡೆ. ಅಧ್ಯಾಯಗಳೂ ಅಷ್ಟೇ. ಮೊದಲಿನವು ಅರ್ಧ ಪುಟ, ಆಮೇಲೆ ಉದ್ದ. ಮೊದಲ ಗಂಟೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ಎಂಟನೇ ಗಂಟೆಯ ಹೊತ್ತಿಗೆ ಕೋಣೆ ಖಾಲಿ. ಅಂತರ ಹಿಗ್ಗಿದಷ್ಟೂ ಒಂಟಿತನ ಜಾಸ್ತಿ ಆಗುತ್ತಾ ಹೋಯಿತು. ಇದನ್ನು ನಾನು ಯೋಜನೆ ಮಾಡಿ ತಂದದ್ದಲ್ಲ, ರಕ್ತದ ವೇಳಾಪಟ್ಟಿ ತಂದದ್ದು.

ಆದರೆ ಗೆಳತಿಯ ಪ್ರಶ್ನೆ ಹಾಗೇ ಇತ್ತು. ಹಗಲೆಲ್ಲ ಏನು ಮಾಡುತ್ತಾಳೆ?

ಉತ್ತರ ಸಿಕ್ಕಿದ್ದು ನರದ ಬಗ್ಗೆ ಓದುವಾಗ. 1915ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಫ್ರಾನ್ಸಿನ ಜೂಲ್ ಟಿನೆಲ್ ಮತ್ತು ಜರ್ಮನಿಯ ಪೌಲ್ ಹಾಫ್‌ಮನ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಒಂದೇ ವಿಷಯ ಬರೆದರು. ಯುದ್ಧದಲ್ಲಿ ಎದುರುಬದುರಾಗಿದ್ದ ಎರಡು ದೇಶಗಳವರು, ಗಾಯಾಳುಗಳ ಕೈಕಾಲು ತಟ್ಟಿ ಕಂಡುಕೊಂಡದ್ದು ಒಂದೇ. ನರ ಎಲ್ಲಿಯವರೆಗೆ ಬೆಳೆದಿದೆಯೋ ಆ ಜಾಗದ ಮೇಲೆ ಬೆರಳಿಂದ ತಟ್ಟಿದರೆ, ಮುಂದೆ ಆ ನರ ಹೋಗುವ ಜಾಗದಲ್ಲಿ ಜುಮ್ಮೆನ್ನುತ್ತದೆ. ಅಂದರೆ ತಟ್ಟುವುದು ತೋಳಿನ ಮೇಲೆ, ಜುಮ್ಮೆನ್ನುವುದು ಏನೂ ಗೊತ್ತಾಗದ, ಮರಗಟ್ಟಿದ ಬೆರಳಿನಲ್ಲಿ. ವಾರಗಳು ಕಳೆದ ಹಾಗೆ ಆ ಬಿಂದು ಕೆಳಕ್ಕೆ ಇಳಿಯುತ್ತದೆ. ಡಾಕ್ಟರುಗಳು ಇವತ್ತಿಗೂ ಹೀಗೆ ತಟ್ಟಿ ನೋಡುತ್ತಾರೆ.

ಇದಕ್ಕೆ ಯಂತ್ರ ಬೇಡ. ಒಂದು ಬೆರಳು ಸಾಕು. ಅವಳ ಹತ್ತಿರ ಎಡಗೈ ಇದೆ. ಅವಳು ದರ್ಜಿ ಬೇರೆ. ಚೀಲದಲ್ಲಿ ಬಟ್ಟೆಯ ಟೇಪು ಇದ್ದೇ ಇರುತ್ತದೆ, ಅಲ್ವಾ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೂತು ಈ ಒಂದು ದೃಶ್ಯ ಬರೆದೆ:

"ದೀಪ ಆರಿಸಿ ಹೋದರು. ಅವಳು ಟೇಪಿನ ತುದಿಯನ್ನು ಗಾಯದ ಗುರುತಿನ ಮೇಲಿಟ್ಟು ಗದ್ದದಿಂದ ಒತ್ತಿ ಹಿಡಿದಳು. ಉಳಿದದ್ದನ್ನು ತೋಳಿನುದ್ದಕ್ಕೆ ಇಳಿಬಿಟ್ಟಳು. ತೋರುಬೆರಳಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬಂದಳು. ಇಲ್ಲ. ಇಲ್ಲ. ಇಲ್ಲ. ಆಮೇಲೆ ಹೆಬ್ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು."

ಅವಳು ಸುಮ್ನೆ ತಟ್ಟಿ ಮಲಗಿಬಿಟ್ಟರೆ ಕಥೆಗೆ ಬಿಗಿ ಇಲ್ಲ. ಆ ಬಿಗಿ ನನ್ನ ಅನುಭವದಿಂದಲೇ ಬಂತು. ಹಿಂದೆ ಅಣ್ಣನ ಜೊತೆ ಒಂಬತ್ತು ರಾತ್ರಿ ಆಸ್ಪತ್ರೆಯಲ್ಲಿದ್ದೆ. ಅವನ ಮೊಣಕೈ ಹತ್ತಿರ ಸೂಜಿ ಹಾಕಿದ್ದರು. ನಿದ್ದೆಯಲ್ಲಿ ಕೈ ಮಡಚಿದರೆ ಸಾಕು, ಮದ್ದಿನ ದಾರಿಗೆ ಅಡ್ಡಿಯಾಗಿ ಡ್ರಿಪ್ಪಿನ ಪಂಪು ಕೂಗಿಕೊಳ್ಳುತ್ತಿತ್ತು. ಸಿಸ್ಟರ್ ಓಡಿ ಬರುತ್ತಿದ್ದರು. ಮೂರನೇ ರಾತ್ರಿ ಹೊತ್ತಿಗೆ ಅಣ್ಣ ನಿದ್ದೆಯಲ್ಲೂ ಕೈ ಚಾಚಿಕೊಂಡೇ ಮಲಗಲು ಕಲಿತಿದ್ದ. ನನ್ನ ಕಥೆಯಲ್ಲಿ ಡ್ರಿಪ್ ಇರುವುದು ಎಡಗೈಗೆ. ತಟ್ಟಲು ಅದನ್ನೇ ಮಡಚಬೇಕು. ಪಂಪು ಕೂಗುವ ಮುಂಚೆ ಅವಳಿಗೆ ಸಿಗುವುದು ಕೆಲವೇ ಕ್ಷಣ. ಆ ಕ್ಷಣಗಳನ್ನು ಅವಳು ಎಣಿಸಿ ಇಟ್ಟುಕೊಂಡಿದ್ದಾಳೆ.

ಅವಳ ಕೈಗೆ ಕೆಲಸ ಸಿಕ್ಕಿದ ಮೇಲೆ ಕಥೆ ತಾನಾಗಿ ನಡೆಯಿತು. ಡಾಕ್ಟರ ಲೆಕ್ಕದಲ್ಲಿ ಈ ಡೋಸು ಏನೂ ಮಾಡಬಾರದು. ನರದ ಪರೀಕ್ಷೆ ಇರುವುದು 28ನೇ ದಿನ. ಆದರೆ ಐದನೇ ರಾತ್ರಿಯೇ ಅವಳಿಗೆ ಗೊತ್ತಾಗುತ್ತದೆ, ಬಿಂದು ದಿನಕ್ಕೊಂದು ಸೆಂಟಿಮೀಟರ್ ಇಳಿಯುತ್ತಿದೆ. ಅದರ ಜೊತೆ ತೋಳಿನೊಳಗೆ ಉರಿಯೂ ಶುರುವಾಗಿದೆ. ಉರಿ ಇದೆ ಅಂತ ಹೇಳಿದರೆ ಮದ್ದು ನಿಲ್ಲಿಸಿಬಿಡುತ್ತಾರೆ. ಕೈ ಹೋಗುತ್ತದೆ. ಹೇಳದಿದ್ದರೆ, ಈ ಡೋಸು ಕಡಿಮೆ ಆಯಿತು ಅಂದುಕೊಂಡು ಹುಡುಗನಿಗೆ ಇನ್ನೂ ಜಾಸ್ತಿ ಕೊಡುತ್ತಾರೆ. ಮೊದಲ ಪ್ರತಿಯಲ್ಲಿ ಈ ಇಕ್ಕಟ್ಟು ಹೊಳೆದಿರಲೇ ಇಲ್ಲ. ಡಾಕ್ಟರ ಬಾಯಲ್ಲಿ ಕಥೆ ಹೇಳಿಸುತ್ತಿದ್ದಷ್ಟು ಕಾಲ ಅದು ಹೊಳೆಯುವ ಹಾಗೂ ಇರಲಿಲ್ಲ. ಯಾಕೆಂದರೆ ಅದು ಗೊತ್ತಿರುವುದು ಅವಳೊಬ್ಬಳಿಗೇ.

ಟ್ರಯಲ್‌ನಿಂದ ಯಾವಾಗ ಬೇಕಾದರೂ ಹೊರಗೆ ಹೋಗುವ ಹಕ್ಕು ಪೇಷಂಟಿಗೆ ಇದೆ. ಅದನ್ನೂ ಕಥೆಗೆ ತರಬೇಕಿತ್ತು. 1982ರಲ್ಲಿ ಬಾರ್ನಿ ಕ್ಲಾರ್ಕ್ ಎಂಬುವರಿಗೆ ಜಾರ್ವಿಕ್-7 ಕೃತಕ ಹೃದಯ ಹಾಕಿದಾಗ, ಅದನ್ನು ನಡೆಸುವ ಹೊರಗಿನ ಯಂತ್ರವನ್ನು ತಾವೇ ನಿಲ್ಲಿಸಬಹುದಾದ ಒಂದು ಕೀಲಿಯನ್ನು ಅವರಿಗೆ ಕೊಟ್ಟಿದ್ದರು. ಅವರು 112 ದಿನ ಬದುಕಿದರು. ಆ ಕೀಲಿಯ ಬಗ್ಗೆ ಓದಿದಾಗ ಕೈ ತಣ್ಣಗಾಯಿತು. ನನ್ನ ದರ್ಜಿಗೆ ಅಂಥ ಕೀಲಿಯೂ ಇಲ್ಲ. ಸಹಿ ವಾಪಸ್ ತೆಗೆದುಕೊಂಡು ಮನೆಗೆ ಹೋಗಬಹುದು, ಮದ್ದು ಅವಳ ಜೊತೆಗೇ ಬರುತ್ತದೆ. ಇದನ್ನು ಯಾರ ಬಾಯಲ್ಲೂ ಹೇಳಿಸಲಿಲ್ಲ. ಅವಳು ಬಾಗಿಲವರೆಗೆ ಡ್ರಿಪ್ ಕಂಬ ತಳ್ಳಿಕೊಂಡು ಹೋಗಿ, ನಿಂತು, ವಾಪಸ್ ಬರುತ್ತಾಳೆ. ಅಷ್ಟು ಸಾಕಾಯಿತು.

ಮೂರನೇ ಪ್ರತಿಯನ್ನೂ ಗೆಳತಿಗೇ ಕೊಟ್ಟೆ. ಒಂದೇ ತಪ್ಪು ಹಿಡಿದಳು. ನಾನು ದರ್ಜಿಯ ಕೈಲಿ ತೋಳಿನ ಮೇಲೆ ಪೆನ್ನಿನಿಂದ ಗುರುತು ಹಾಕಿಸಿದ್ದೆ. "ಬೆಳಿಗ್ಗೆ ಮೈ ಒರೆಸ್ತೀವಲ್ಲ, ಪೆನ್ನಿನ ಗುರುತು ನಮ್ಮ ಕಣ್ಣಿಗೆ ಬೀಳಲ್ವಾ? ಒರೆಸಿ ಹಾಕ್ತೀವಿ, ಇಲ್ಲಾ ಕೇಳ್ತೀವಿ" ಅಂದಳು. ಸರಿ ಅನ್ನಿಸಿತು. ಗುರುತನ್ನು ತೋಳಿನಿಂದ ತೆಗೆದು ಟೇಪಿಗೆ ಹಾಕಿದೆ. ದರ್ಜಿಯ ಚೀಲದಲ್ಲಿ ಸೂಜಿ ದಾರ ಇರಲೇಬೇಕಲ್ಲ.

ಕೊನೆಯ ದೃಶ್ಯದಲ್ಲಿ ಮೊದಲು ಒಂದೂವರೆ ಪುಟ ಮಾತಿತ್ತು. ಅವಳು ಯಾಕೆ ಮುಚ್ಚಿಟ್ಟಳು, ಈಗ ಯಾಕೆ ಹೇಳುತ್ತಿದ್ದಾಳೆ, ಎಲ್ಲ. ಅಷ್ಟನ್ನೂ ತೆಗೆದೆ. ಈಗ ಅವಳು ದಿಂಬಿನ ಕೆಳಗಿಂದ ಟೇಪು ತೆಗೆದು ಡಾಕ್ಟರ ಕೈಗೆ ಕೊಡುತ್ತಾಳೆ. ಬಾಗಿಲಲ್ಲಿ ಹುಡುಗ ನಿಂತಿದ್ದಾನೆ. ಡಾಕ್ಟರು ಸುರುಳಿ ಬಿಚ್ಚುತ್ತಾರೆ. ಒಂದೊಂದು ಸೆಂಟಿಮೀಟರಿಗೆ ಒಂದೊಂದರಂತೆ ಆರು ಕೆಂಪು ಹೊಲಿಗೆ. ಎಡಗೈಯದ್ದು, ಸೊಟ್ಟ.