ಸಿಂಗಪುರಕ್ಕೆ ಹೊಸದಾಗಿ ಬಂದವರು ಚಾನೆಲ್ 8 ಏಕೆ ನೋಡಬೇಕು

ಸಿಂಗಪುರಕ್ಕೆ ಬಂದಿಳಿದ ಕನ್ನಡಿಗರು ಮೊದಲು ವಿಚಾರಿಸುವುದು ಬಾಡಿಗೆ ಮನೆ, ಸೋನಾಮಸೂರಿ ಅಕ್ಕಿ, ಮಕ್ಕಳ ಶಾಲೆ. ಅವೆಲ್ಲ ಹೇಗೋ ಆಗುತ್ತವೆ. ಕೆಲಸದ ಪಾಸು ಕೈಗೆ ಬಂದ ಮೇಲೆ ಬ್ಯಾಂಕ್ ಖಾತೆ, ಸಿಂಗ್‌ಪಾಸ್ ಎಂಬ ಸರ್ಕಾರಿ ಡಿಜಿಟಲ್ ಗುರುತು ಮಾಡಿಸಿಕೊಳ್ಳಿ. ದಿನಸಿಗೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆ ಇದ್ದೇ ಇದೆ. ಯಾರೂ ಕೇಳದ, ಆದರೆ ನಾನು ಎಲ್ಲರಿಗೂ ಹೇಳುವ ಮಾತೊಂದಿದೆ: ಸಂಜೆ ಹೊತ್ತು ಚಾನೆಲ್ 8 ಹಾಕಿ.

ಅದು ಮ್ಯಾಂಡರಿನ್ ಭಾಷೆಯ ವಾಹಿನಿ, ನಮಗೇನು ಅರ್ಥವಾದೀತು ಎನ್ನುತ್ತೀರಿ. ಆದರೆ ನಿಮ್ಮ ಎಚ್‌ಡಿಬಿ (ಸರ್ಕಾರಿ ವಸತಿ) ಬ್ಲಾಕಿನ ಲಿಫ್ಟಿನಲ್ಲಿ ಎದುರಾಗುವ ಅಜ್ಜ ಅಜ್ಜಿಯರು, ಕೋಪಿಟಿಯಾಮ್ ಎಂಬ ಬೀದಿಬದಿಯ ಕಾಫಿ ಹೋಟೆಲಿನಲ್ಲಿ ನಿಮಗೆ ಕಾಫಿ ಸೋಸಿ ಕೊಡುವ ಅಂಕಲ್, ಇವರೆಲ್ಲರ ಬದುಕಿನ ಒಂದು ದೊಡ್ಡ ಕಥೆ ಆ ವಾಹಿನಿಯ ಚರಿತ್ರೆಯೊಳಗೇ ಇದೆ. ಅದನ್ನು ತಿಳಿಯದೆ ಇಲ್ಲಿ ಹತ್ತು ವರ್ಷ ಇದ್ದರೂ ಈ ಊರು ನಮ್ಮದಾಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಸಿಂಗಪುರದಲ್ಲಿ ಟೆಲಿವಿಷನ್ ಶುರುವಾದದ್ದು 1963ರಲ್ಲಿ. ಅದೇ ವರ್ಷ ಚಾನೆಲ್ 8 ಕೂಡ ಬಂತು. ಚಾನೆಲ್ 5ರಲ್ಲಿ ಮಲಯ ಮತ್ತು ಇಂಗ್ಲಿಷ್, ಚಾನೆಲ್ 8ರಲ್ಲಿ ಚೀನೀ ಮತ್ತು ತಮಿಳು. ಹೌದು, ತಮಿಳು! 1990ರ ದಶಕದ ನಡುವಿನವರೆಗೂ ತಮಿಳು ಕಾರ್ಯಕ್ರಮಗಳು ಇದೇ ವಾಹಿನಿಯಲ್ಲಿ ಬರುತ್ತಿದ್ದವು. ಅವುಗಳಿಗೆ ವಸಂತಂ ಎಂಬ ಪೂರ್ಣ ಪ್ರಮಾಣದ ಸ್ವಂತ ವಾಹಿನಿ ಸಿಕ್ಕಿದ್ದು 2008ರಲ್ಲಿ. ಒಂದೇ ಪರದೆಯಲ್ಲಿ ಎರಡು ಸಮುದಾಯಗಳು ಸರದಿ ಕಾದು ತಮ್ಮ ತಮ್ಮ ಭಾಷೆ ಕೇಳಿದ ಆ ಕಾಲ ನನಗೆ ಬಹಳ ಇಷ್ಟವಾಗುತ್ತದೆ.

ಚೀನೀ ಎಂದೊಡನೆ ಒಂದೇ ಭಾಷೆ ಎಂದುಕೊಳ್ಳಬೇಡಿ. ಇಲ್ಲಿನ ಚೀನೀಯರ ಪೂರ್ವಜರು ದಕ್ಷಿಣ ಚೀನಾದ ಬೇರೆ ಬೇರೆ ಸೀಮೆಗಳಿಂದ ಬಂದವರು. ಮನೆಯಲ್ಲಿ ಹೊಕ್ಕಿಯನ್, ಟಿಯೊಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್ ಆಡುತ್ತಿದ್ದವರು. ಇವುಗಳನ್ನು ಇಲ್ಲಿ ಉಪಭಾಷೆ ಎನ್ನುತ್ತಾರೆ, ಆದರೆ ಒಂದನ್ನು ಆಡುವವರಿಗೆ ಇನ್ನೊಂದು ತಿಳಿಯುವುದಿಲ್ಲ. ಮ್ಯಾಂಡರಿನ್ ಅವರಲ್ಲಿ ತೀರಾ ಕೆಲವರ ಮನೆಮಾತು. 1979ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ‘ಮ್ಯಾಂಡರಿನ್ ಮಾತನಾಡಿ’ ಆಂದೋಲನ ಆರಂಭಿಸಿದರು. ಹಲವು ಮಾತುಗಳಲ್ಲಿ ಹಂಚಿಹೋದ ಸಮುದಾಯವನ್ನು ಒಂದು ಭಾಷೆಯಡಿ ತರುವುದು, ಮಕ್ಕಳ ಮೇಲಿನ ಕಲಿಕೆಯ ಹೊರೆ ಇಳಿಸುವುದು ಅದರ ಉದ್ದೇಶ. ಕೆಲವೇ ವರ್ಷಗಳಲ್ಲಿ ಟಿವಿ, ರೇಡಿಯೋಗಳಿಂದ ಆ ಭಾಷೆಗಳು ಹೆಚ್ಚುಕಡಿಮೆ ಮರೆಯಾದವು. ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಧಾರಾವಾಹಿಗಳಿಗೂ ಮ್ಯಾಂಡರಿನ್ ದನಿ ಕೂಡಿಸಲಾಯಿತು. ನಿತ್ಯ ನೋಡುತ್ತಿದ್ದ ನಟನ ಬಾಯಿಂದ ಒಂದು ಸಂಜೆ ಅರ್ಥವಾಗದ ಭಾಷೆ ಹೊರಟಾಗ ಮನೆಯ ಹಿರಿಯರಿಗೆ ಏನನ್ನಿಸಿರಬೇಡ?

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಯದು ಟಿಯೊಚ್ಯೂ. ಸಂಜೆಯ ಧಾರಾವಾಹಿಗೆ ಬಾಗಿಲು ತೆರೆದಿಟ್ಟುಕೊಂಡೇ ಕೂರುತ್ತಾರೆ. ಅವರು ಮೊಮ್ಮಗಳನ್ನು ಟಿಯೊಚ್ಯೂವಿನಲ್ಲಿ ಕರೆಯುತ್ತಾರೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನಡುವೆ ಸೊಸೆ ಕೂತು ಮ್ಯಾಂಡರಿನ್‌ನಲ್ಲಿ ಇಬ್ಬರನ್ನೂ ಜೋಡಿಸುತ್ತಾರೆ. ಆ ಮಗುವಿಗೆ ಅಜ್ಜಿಯ ಮೇಲೆ ಪ್ರೀತಿಗೇನೂ ಕೊರತೆಯಿಲ್ಲ. ಅಜ್ಜಿಯ ಸೆರಗು ಹಿಡಿದು ಕೇಳಬೇಕಾದ ಕಥೆಗಳು ಮಾತ್ರ ಅವಳ ಪಾಲಿಗಿಲ್ಲ.

ಹಾಗೆಂದು ಚಾನೆಲ್ 8ನ್ನು ಬರೀ ಕಸಿದುಕೊಂಡ ವಾಹಿನಿ ಎಂದು ನಾನು ಹೇಳಲಾರೆ. 1982ರಿಂದ ಅದು ಇಲ್ಲಿನದೇ ಧಾರಾವಾಹಿಗಳನ್ನು ತಯಾರಿಸತೊಡಗಿತು. 1984ರಲ್ಲಿ ಬಂದ ‘ದಿ ಅವೇಕನಿಂಗ್’ ಚೀನಾದಿಂದ ಹಡಗು ಹತ್ತಿ ಬಂದ ಬಡವರ ಕಷ್ಟವನ್ನೂ ಜಪಾನೀ ಆಕ್ರಮಣದ ದಿನಗಳನ್ನೂ ತೋರಿಸಿತು. ಕೆಂಪು ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಸಂಸುಯಿ ಹೆಂಗಸರ ಕಥೆ 1986ರಲ್ಲಿ ಬಂತು. 2008ರ ‘ದಿ ಲಿಟಲ್ ನ್ಯೋನ್ಯಾ’ ಪೆರನಾಕನ್ ಮನೆತನದ್ದು, ಅಂದರೆ ಬಹಳ ಹಿಂದೆಯೇ ಈ ಸೀಮೆಗೆ ಬಂದು ಮಲಯ ರೀತಿನೀತಿ ಬೆರೆಸಿಕೊಂಡ ಚೀನೀಯರದ್ದು. ಅದರ ಅಡುಗೆಮನೆ ದೃಶ್ಯಗಳನ್ನು ನೋಡಿ, ಒರಳುಕಲ್ಲು ಕಂಡೊಡನೆ ನಿಮಗೂ ಊರಿನ ನೆನಪಾಗುತ್ತದೆ. ತಾನು ಎಲ್ಲಿಂದ ಬಂದೆ ಎಂಬುದನ್ನು ಒಂದು ವಲಸೆಯ ನಾಡು ತನಗೆ ತಾನೇ ಹೇಳಿಕೊಂಡದ್ದು ಈ ವಾಹಿನಿಯಲ್ಲಿ.

2016ರಲ್ಲಿ ಇದೇ ವಾಹಿನಿ ಹಿರಿಯರಿಗಾಗಿ ಹೊಕ್ಕಿಯನ್ ಧಾರಾವಾಹಿ ಪ್ರಸಾರ ಮಾಡಿತು. ಸರ್ಕಾರದ ಯೋಜನೆಗಳು ವೃದ್ಧರ ಕಿವಿಗೆ ತಲುಪಬೇಕಾದರೆ ಅವರ ಮಾತೇ ಬೇಕಾಯಿತು. ಅಷ್ಟರಲ್ಲಿ ತಡವಾಗಿತ್ತು. 2020ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಚೀನೀ ಉಪಭಾಷೆಗಳನ್ನು ಆಡುವವರು ಶೇ. 8.7 ಮಾತ್ರ. ಮ್ಯಾಂಡರಿನ್ ಕೂಡ 2010ರ ಶೇ. 35.6ರಿಂದ ಶೇ. 29.9ಕ್ಕೆ ಇಳಿದಿದೆ, ಇಂಗ್ಲಿಷ್ ಶೇ. 48.3 ಮುಟ್ಟಿದೆ. ಉಳಿದವನ್ನೆಲ್ಲ ಹಿಂದಕ್ಕೆ ತಳ್ಳಿದ ಭಾಷೆಯೇ ಈಗ ಮನೆಗಳಲ್ಲಿ ಹಿಂದೆ ಸರಿಯುತ್ತಿದೆ.

ಈಗ ನಮ್ಮ ಮಕ್ಕಳ ವಿಷಯ. ಸ್ಥಳೀಯ ಶಾಲೆಗೆ ಹಾಕಿದರೆ ಮಾತೃಭಾಷೆ ಎಂಬ ಪಾಠವಿರುತ್ತದೆ. ಭಾರತೀಯರಿಗೆ ಅದು ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಪಟ್ಟಿಯಲ್ಲಿ ಕನ್ನಡವಿಲ್ಲ. ನಮ್ಮವರು ಹೆಚ್ಚಾಗಿ ಹಿಂದಿ ಆರಿಸುತ್ತಾರೆ, ಆಮೇಲೆ ಪರೀಕ್ಷೆಯ ಭಯಕ್ಕೆ ಮನೆಯಲ್ಲೂ ಹಿಂದಿ ಆಡತೊಡಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿ ಶಾಲೆಯಲ್ಲಿ ಬರುತ್ತದೆ, ಇಂಗ್ಲಿಷ್ ಬೀದಿಯಲ್ಲಿ ಬರುತ್ತದೆ, ಕನ್ನಡ ನಿಮ್ಮ ಬಾಯಿಂದ ಬಾರದಿದ್ದರೆ ಇನ್ನೆಲ್ಲಿಂದಲೂ ಬಾರದು. ಮನೆಮಾತು ತುಳುವೋ ಕೊಡವವೋ ಕೊಂಕಣಿಯೋ ಆಗಿದ್ದರೆ ಇದು ಇನ್ನೂ ನಿಜ. ಅಲ್ಲಿ ಕನ್ನಡವೂ ಮ್ಯಾಂಡರಿನ್‌ನ ಜಾಗದಲ್ಲಿ ನಿಂತುಬಿಡಬಹುದು ಎಂಬುದನ್ನು ಕನ್ನಡಿಗರಾದ ನಾವು ಒಪ್ಪಬೇಕು. ಊರಿನ ಅಜ್ಜಿ ಫೋನ್ ಮಾಡಿದಾಗ ನೀವು ನಡುವೆ ಕೂತು ಅನುವಾದಿಸಬೇಡಿ. ಮಗು ತಡವರಿಸಲಿ, ತಪ್ಪು ಆಡಲಿ. ಕನ್ನಡ ಸಂಘ ಇದೆ, ಸೇರಿಕೊಳ್ಳಿ.

ಇನ್ನು ನೋಡುವ ಬಗೆ. ಚಾನೆಲ್ 8ಕ್ಕೆ ಹಣ ಕೊಡಬೇಕಿಲ್ಲ. ಮೀವಾಚ್ ಆ್ಯಪಿನಲ್ಲಿ ಅನೇಕ ಧಾರಾವಾಹಿಗಳಿಗೆ ಇಂಗ್ಲಿಷ್ ಅಡಿಬರಹ ಸಿಗುತ್ತದೆ. ಸಂಜೆಯ ಕೌಟುಂಬಿಕ ಧಾರಾವಾಹಿಯಿಂದ ಆರಂಭಿಸಿ, ಅತ್ತೆ ಸೊಸೆಯರ ಜಗಳಕ್ಕೆ ಅಡಿಬರಹವೂ ಬೇಕಾಗದು. ಒಂದೆರಡು ವಾರ ನೋಡಿದ ಮೇಲೆ ಪಕ್ಕದ ಮನೆಯ ಆಂಟಿಯನ್ನು ನಿನ್ನೆಯ ಕಂತಿನ ಬಗ್ಗೆ ಕೇಳಿ. ನೀವೂ ನೋಡುತ್ತೀರಾ ಎಂದು ಹುಬ್ಬೇರಿಸಿ, ಹಿಂದಿನ ಕಂತುಗಳನ್ನೆಲ್ಲ ನಿಮಗೆ ವಿವರಿಸದೆ ಅವರು ಬಿಡುವುದಿಲ್ಲ.