ಶಾಲೆಯ ಹಿತ್ತಲಲ್ಲೊಂದು ಚಂದ್ರವಳ್ಳಿ

ಚಿತ್ರದುರ್ಗದ ಮಕ್ಕಳಿಗೆ ಚಂದ್ರವಳ್ಳಿ ಅಂದ್ರೆ ಪಿಕ್ನಿಕ್ ಜಾಗ. ಕೆರೆ, ಅಂಕಲಿ ಮಠದ ಕತ್ತಲೆ ಗುಹೆ, ನಾಲ್ಕು ಸೆಲ್ಫಿ, ಆಮೇಲೆ ಮನೆ. ಇಲ್ಲೇ ಕಾಲಡಿ ಎರಡು ಸಾವಿರ ವರ್ಷ ಹಿಂದಿನ ಊರಿದೆ ಅಂದರೆ, "ಎಲ್ಲಿ ಸರ್, ಏನೂ ಕಾಣ್ತಿಲ್ವಲ್ಲ" ಅಂತಾರೆ. ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ ಅಗೆದು ತೋರಿಸೋಣ ಅಂದ್ರೆ ಅದು ಸಂರಕ್ಷಿತ ಜಾಗ. ಅಗೆಯೋದಿರಲಿ, ಒಂದು ಬೋಕಿ ಚೂರನ್ನೂ ಜೇಬಿಗೆ ಹಾಕುವಂತಿಲ್ಲ. ಹಾಗಾಗಿ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡುವ ನಾನು ಮಕ್ಕಳೇ ಅಗೆದು ನೋಡಲಿ ಅಂತ ಶಾಲೆಯ ಹಿತ್ತಲಲ್ಲೇ ಒಂದು ಸುಳ್ಳು ಊರು ಹೂಳುತ್ತೇನೆ.

ಮೊಣಕಾಲುದ್ದದ ಗುಂಡಿ ಸಾಕು. ತಳದಲ್ಲಿ ಕೆಮ್ಮಣ್ಣು ಹಾಕಿ ತುಳಿದು ಗಟ್ಟಿ ನೆಲ ಮಾಡುತ್ತೇನೆ. ಅದರ ಮೇಲೆ ಬೂದಿ, ಇದ್ದಿಲು, ಕೋಳಿ ಮೂಳೆ, ಒಡೆದ ಗಡಿಗೆ. ಆಮೇಲೆ ಕಪ್ಪು ಮಣ್ಣು, ಅದರಲ್ಲಿ ನಾಡಹಂಚು, ಗಾಜಿನ ಬಳೆ ಚೂರು. ಕೊನೆಗೆ ಮರಳು ಮಣ್ಣು, ಶಾಂಪೂ ಸ್ಯಾಷೆ, ಹಳೇ ಸಿಮ್ ಕಾರ್ಡ್. ಒಡೆದ ಮಡಕೆ ಕುಂಬಾರರ ಮನೆ ಹತ್ತಿರ ಪುಕ್ಕಟೆ ಸಿಗುತ್ತೆ. ಮುಚ್ಚಿದ ಮೇಲೆ ಒಂದೆರಡು ಮಳೆ ಬಿದ್ದು ಮಣ್ಣು ಕೂತರೆ ಪದರ ಚೆನ್ನಾಗಿ ಕಾಣುತ್ತೆ.

ನಿಜವಾದ ಪಾಠ ನಾಣ್ಯದಲ್ಲಿದೆ. ಸಿಮ್ ಕಾರ್ಡ್ ಇರುವ ಮೇಲಿನ ಪದರದಲ್ಲಿ ಬೇಕಂತಲೇ 1988ರ ಘೇಂಡಾಮೃಗದ ನಾಲ್ಕಾಣೆ ಹಾಕಿರುತ್ತೇನೆ. ಸಿಕ್ಕ ತಕ್ಷಣ ಹುಡುಗರು "ಈ ಪದರ 1988ರದ್ದು" ಅಂತ ನೋಟ್‌ಬುಕ್ಕಲ್ಲಿ ಬರೆದೇಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಯಾವಳೋ ಒಬ್ಬಳು ಸಿಮ್ ಎತ್ತಿ ಹಿಡಿದು, "ಆಗ ನಮ್ಮಲ್ಲಿ ಮೊಬೈಲೇ ಇರಲಿಲ್ವಲ್ಲ ಸರ್" ಅಂತಾಳೆ. ಅಷ್ಟೇ ಬೇಕಿತ್ತು ನನಗೆ. ನಾಣ್ಯ ಹೇಳೋದು "ಇದಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ.

ಇಲ್ಲಿಂದ ಚಂದ್ರವಳ್ಳಿಗೆ ಹೋಗೋದು ಸುಲಭ. ಅಲ್ಲಿ 1929ರ ಸುಮಾರಿಗೆ ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆದರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆದರು. ರೋಮಿನ ಆಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯ ಸಿಕ್ಕವು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37. ಆದರೆ ಒಳ್ಳೇ ಬೆಳ್ಳಿ ಕೈಯಿಂದ ಕೈಗೆ ಎಷ್ಟು ವರ್ಷ ಓಡಾಡುತ್ತೋ! ಅದಕ್ಕೇ ವ್ಹೀಲರ್ ಬರೀ ನಾಣ್ಯ ನಂಬಿ ಕೂರಲಿಲ್ಲ. 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಇಟಲಿಯ ತಟ್ಟೆಗಳ ಜೊತೆ, ಒಳತಳದಲ್ಲಿ ಸಣ್ಣ ಗೀರುಗಳ ಉಂಗುರವಿರುವ ನಯವಾದ ತಟ್ಟೆಗಳೂ ಸಿಕ್ಕಿದ್ದವು. ಇಟಲಿಯವುಗಳ ಕಾಲ ಮೊದಲೇ ಗೊತ್ತಿತ್ತು. ಅದೇ ಗೀರಿನ ತಟ್ಟೆ ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಬಂತು. ಅದರ ಅಕ್ಕಪಕ್ಕ ಬಿದ್ದಿದ್ದ ನಮ್ಮೂರ ಮಡಕೆಗೂ ಹಾಗೆ ವಯಸ್ಸು ಸಿಕ್ಕಿತು.

ಮಡಕೆ ಓದೋದಕ್ಕೆ ನಾನು ಜಾಸ್ತಿ ಸಮಯ ಕೊಡುತ್ತೇನೆ. ರಟ್ಟಿನ ಮೇಲೆ ಒಂದರೊಳಗೊಂದು ವೃತ್ತ ಬರೆದು, ಬಾಯಂಚಿನ ಚೂರನ್ನು ಮಗುಚಿ ಇಟ್ಟು, ಯಾವ ವೃತ್ತಕ್ಕೆ ಕೂರುತ್ತೆ ಅಂತ ನೋಡಬೇಕು. ಬೆರಳುದ್ದದ ಚೂರಿನಿಂದ ಇಡೀ ಪಾತ್ರೆಯ ಬಾಯಿ ಎಷ್ಟಗಲ ಅಂತ ಸಿಗುತ್ತೆ. ತಳದಲ್ಲಿ ಹೊರಗೆ ಮಸಿ ಇದ್ದರೆ ಒಲೆ ಮೇಲಿತ್ತು ಅಂತ. ಒಳಗೆ ಕಪ್ಪು, ಹೊರಗೆ ಕೆಂಪು ಇದ್ದರೆ, ಬೋರಲು ಹಾಕಿ ಸುಟ್ಟಿದ್ದಾರೆ. ಒಳಕ್ಕೆ ಗಾಳಿಯಾಡದೆ ಕಪ್ಪಾಗಿದೆ. ಚಂದ್ರವಳ್ಳಿಯಲ್ಲಿ ಕಂದುಗೆಂಪು ಮೈ ಮೇಲೆ ಬಿಳಿ ಗೆರೆ ಎಳೆದ ಪಾತ್ರೆಗಳೂ ಇವೆ. ದಿನಬಳಕೆಯ ಪಾತ್ರೆಗೆ ಗೆರೆ ಯಾಕೆ ಬೇಕಿತ್ತು? ಚೆಂದಕ್ಕೆ, ಇನ್ನೇನು!

ಬೆಳ್ಳಿ ನಾಣ್ಯಕ್ಕಿಂತ ಸೀಸದ ನಾಣ್ಯ ನನಗೆ ಇಷ್ಟ. ಸಾತವಾಹನರ ಕಾಲದಲ್ಲಿ ಇಲ್ಲಿದ್ದ ಮಹಾರಠಿಗಳು, ಅಂದರೆ ಸ್ಥಳೀಯ ನಾಯಕರು, ಒಂದು ಬದಿ ಡುಬ್ಬದ ಎತ್ತು, ಇನ್ನೊಂದು ಬದಿ ಮರ, ಬೆಟ್ಟ ಒತ್ತಿದ ಸೀಸದ ಬಿಲ್ಲೆಗಳನ್ನು ಹೊರಡಿಸಿದ್ದರು. ಅಗ್ಗದ ಲೋಹದ ನಾಣ್ಯ ಇದ್ದ ಕಡೆ ಸಣ್ಣಪುಟ್ಟ ವ್ಯಾಪಾರ ಇದ್ದಿರಲೇಬೇಕು, ಅಲ್ವಾ? ಬ್ರಹ್ಮಗಿರಿಯಲ್ಲಿ ಸಿಕ್ಕ ಶಂಖದ ಬಳೆ ಚೂರುಗಳದ್ದೂ ಇಂಥದ್ದೇ ಕಥೆ. ಸಮುದ್ರ ಎಲ್ಲಿ, ಬ್ರಹ್ಮಗಿರಿ ಇರುವ ಮೊಳಕಾಲ್ಮೂರು ಎಲ್ಲಿ! ಯಾರೋ ಹೊತ್ತು ತಂದಿದ್ದಾರೆ, ಯಾರೋ ಕಾಸು ಕೊಟ್ಟು ತೊಟ್ಟಿದ್ದಾರೆ. ನೀರಿನ ವಿಷಯಕ್ಕೆ ಚಂದ್ರವಳ್ಳಿಯ ಭೈರವೇಶ್ವರ ಗುಡಿ ಪಕ್ಕದ ಬಂಡೆ ಇದ್ದೇ ಇದೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಪ್ರಾಕೃತದಲ್ಲಿ ಕೆತ್ತಿದ್ದಾರೆ, 4ನೇ ಶತಮಾನದ್ದು.

ಮಕ್ಕಳನ್ನು ಚಂದ್ರವಳ್ಳಿಗೂ ರಂಗಯ್ಯನ ಬಾಗಿಲಿನ ಮ್ಯೂಸಿಯಂಗೂ ಕರೆದುಕೊಂಡು ಹೋಗೋದು ಗುಂಡಿ ಕೆಲಸ ಮುಗಿದ ಮೇಲೆಯೇ. ಮೊದಲೇ ಹೋದರೆ ಸುಮ್ನೆ ಕತ್ತಿ, ಫಿರಂಗಿ ನೋಡಿಕೊಂಡು ಬರುತ್ತಾರೆ.

ಹೋದ ವರ್ಷ ಒಬ್ಬ ಹುಡುಗ, "ಗುಡಿಸಲಲ್ಲಿದ್ದವರದ್ದು ಏನೂ ಉಳಿಯಲ್ವಾ ಸರ್" ಅಂತ ಕೇಳಿದ. ಉಳಿಯುತ್ತೆ. ಕಂಬ ಕೊಳೆತು ಹೋದರೂ ಕಂಬ ನೆಟ್ಟ ತೂತು ಬೇರೆ ಬಣ್ಣದ ಮಣ್ಣಾಗಿ ನಿಲ್ಲುತ್ತೆ. ಈ ಸಲ ತಳದ ಕೆಮ್ಮಣ್ಣಿಗೆ ಬಿದಿರು ಗೂಟಗಳನ್ನು ದುಂಡಗೆ ನೆಟ್ಟು, ಕಿತ್ತು, ತೂತಿಗೆ ಬೂದಿ ತುಂಬಿದ್ದೇನೆ. ಒಂಬತ್ತನೇ ಕ್ಲಾಸಿನವರು ಅದನ್ನು ಗುಡಿಸಲು ಅಂತ ಬರೀತಾರೋ, ಇಲಿ ಬಿಲ ಅಂತ ಬರೀತಾರೋ, ದಸರಾ ರಜೆ ಮುಗಿದ ಮೇಲೆ ಗೊತ್ತಾಗುತ್ತೆ.