ಜಯನಗರ ಕ್ಷೇತ್ರದ ಚುನಾವಣಾ ಚರಿತ್ರೆ: ನಾನು ಕೂಡಿಹಾಕಿದ ಬಗೆ

ಗೆದ್ದವರ ಪಟ್ಟಿ ಮಾಡಲು ಒಂದು ಸಂಜೆ ಸಾಕು. ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದ್ದು ಹೀಗೆ ಬರುತ್ತದೆ. 1983 ಮತ್ತು 1985ರಲ್ಲಿ ಜನತಾ ಪಕ್ಷದ ಎಂ. ಚಂದ್ರಶೇಖರ್. 1989ರಿಂದ 2004ರವರೆಗೆ ಸತತ ನಾಲ್ಕು ಸಲ ಕಾಂಗ್ರೆಸ್‌ನ ರಾಮಲಿಂಗಾ ರೆಡ್ಡಿ. 2008 ಮತ್ತು 2013ರಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್. 2018ರಲ್ಲಿ ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ. 2023ರಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ.

ನಾನು 1983ರಿಂದ ಶುರು ಮಾಡಿದೆ. ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದು ಆ ವರ್ಷ. ಅಲ್ಲಿಂದಾಚೆಗೆ ಕ್ಷೇತ್ರವೂ ರಾಜ್ಯವೂ ಒಂದೇ ದಿಕ್ಕಿಗೆ ಹೋದವೋ, ಬೇರೆ ಬೇರೆಯೋ ಎಂದು ನೋಡುವ ಆಸೆ ಇತ್ತು.

ಪಟ್ಟಿ ಓದಿದವರಿಗೆ ಮೊದಲು ಕಣ್ಣಿಗೆ ಬೀಳುವುದು 2008. ನಾಲ್ಕು ಸಲ ಕಾಂಗ್ರೆಸ್ ಗೆಲ್ಲಿಸಿದ ಜನ ಐದನೇ ಸಲ ಮನಸ್ಸು ಬದಲಿಸಿದರು ಎಂದು ಬರೆದುಬಿಡುವುದು ಸುಲಭ. ಆದರೆ ಆ ವರ್ಷ ಬದಲಾದದ್ದು ಮನಸ್ಸಿಗಿಂತ ಮೊದಲು ನಕ್ಷೆ. 2001ರ ಜನಗಣತಿ ಆಧರಿಸಿ ಕ್ಷೇತ್ರಗಳ ಪುನರ್ವಿಂಗಡಣೆ ಆಯಿತು. ಹೊಸ ಗಡಿಯಲ್ಲಿ ನಡೆದ ಮೊದಲ ಚುನಾವಣೆ 2008ರದ್ದು. ಬಿಟಿಎಂ ಲೇಔಟ್ ಎಂಬ ಹೊಸ ಕ್ಷೇತ್ರ ಹುಟ್ಟಿತು. ರಾಮಲಿಂಗಾ ರೆಡ್ಡಿ ಅಲ್ಲಿಗೆ ಹೋದರು. 2008ರಿಂದ 2023ರವರೆಗೆ ಅಲ್ಲೂ ನಾಲ್ಕು ಸಲ ಗೆದ್ದರು. ಅಂದರೆ 2004ರ ಜಯನಗರದಲ್ಲಿ ಅವರು ಪಡೆದ ಮತಗಳನ್ನು 2008ರ ಜಯನಗರದ ಕಾಂಗ್ರೆಸ್ ಮತಗಳ ಪಕ್ಕದಲ್ಲಿಟ್ಟು 'ಇಳಿಯಿತು' ಎನ್ನುವಂತಿಲ್ಲ. ಹೆಸರು ಒಂದೇ, ಊರು ಬೇರೆ.

ಅದಕ್ಕೇ ನನ್ನ ಕೋಷ್ಟಕದಲ್ಲಿ 2008ರ ಮೇಲೆ ದಪ್ಪ ಗೆರೆ ಎಳೆದೆ. ಗೆರೆಯ ಮೇಲಿನ ಅಂಕಿ ಮೇಲಿನದರ ಜೊತೆಗೆ ಮಾತ್ರ, ಕೆಳಗಿನದು ಕೆಳಗಿನದರ ಜೊತೆಗೆ ಮಾತ್ರ ಹೋಲಿಕೆ. ನಗರದ ಯಾವ ಕ್ಷೇತ್ರದ ಚರಿತ್ರೆ ಬರೆಯುವವರಿಗಾದರೂ ನಾನು ಮೊದಲು ಹೇಳುವ ಮಾತು ಇದೇ. ಹಳ್ಳಿ ಕಡೆ ಹೋಬಳಿ ಹಿಡಿದು ಲೆಕ್ಕ ಹಾಕಬಹುದು. ನಗರದಲ್ಲಿ ಒಂದು ರಸ್ತೆಯ ಈ ಬದಿ ಒಂದು ಕ್ಷೇತ್ರ, ಆ ಬದಿ ಇನ್ನೊಂದು.

ಈಗಿನ ಗಡಿಯನ್ನು ಅರ್ಥ ಮಾಡಿಕೊಳ್ಳಲು ವಾರ್ಡ್‌ಗಳನ್ನು ಹಿಡಿದೆ. ಬಿಬಿಎಂಪಿಗೆ 198 ವಾರ್ಡ್ ಇದ್ದ ಕಾಲದ ಲೆಕ್ಕದಲ್ಲಿ ಪಟ್ಟಾಭಿರಾಮನಗರ, ಭೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ ಈ ಕ್ಷೇತ್ರಕ್ಕೆ ಸೇರಿದ್ದವು. 'ಜಯನಗರ' ಎಂಬ ಹೆಸರಿನ ವಾರ್ಡ್ ಮಾತ್ರ ಚಿಕ್ಕಪೇಟೆ ಕ್ಷೇತ್ರದಲ್ಲಿತ್ತು! ಅಲ್ಲಿನವರು 'ನಾವು ಜಯನಗರದವರು' ಎಂದು ಹೇಳಿ ಚಿಕ್ಕಪೇಟೆಗೆ ಮತ ಹಾಕುತ್ತಾರೆ. ಹಳಬರ ನೆನಪು ಕೇಳುವಾಗ ಇದು ಮುಖ್ಯವಾಯಿತು. ಬೂತ್ ಏಜೆಂಟ್ ಆಗಿ ಕೂತಿದ್ದ ಹಿರಿಯರನ್ನು ಮಾತಾಡಿಸುವಾಗ ನನ್ನ ಮೊದಲ ಪ್ರಶ್ನೆ, 'ಸಾರ್, ಆಗ ನಿಮ್ಮ ಮನೆ ಯಾವ ರಸ್ತೆಯಲ್ಲಿತ್ತು? ಮತ ಹಾಕೋಕೆ ಯಾವ ಶಾಲೆಗೆ ಹೋಗ್ತಿದ್ರಿ?' ಶಾಲೆಯ ಹೆಸರು ಸಿಕ್ಕರೆ ಕ್ಷೇತ್ರ ಗೊತ್ತಾಗುತ್ತದೆ. ಇಸವಿಯನ್ನು ಜನ ಮರೆಯುತ್ತಾರೆ, ಸಾಲಿನಲ್ಲಿ ನಿಂತ ಜಾಗವನ್ನು ಮರೆಯುವುದಿಲ್ಲ.

ಇನ್ನೊಂದು ಕಾಲಂನಲ್ಲಿ ಆಯಾ ವರ್ಷದ ರಾಜ್ಯದ ಫಲಿತಾಂಶ ಬರೆದೆ. 1994ರಲ್ಲಿ ಜನತಾದಳ 115 ಸೀಟು ಗೆದ್ದು ಕಾಂಗ್ರೆಸ್ 34ಕ್ಕೆ ಕುಸಿದಾಗ ಜಯನಗರ ಕಾಂಗ್ರೆಸ್ ಜೊತೆಗಿತ್ತು. 2013ರಲ್ಲಿ ಕಾಂಗ್ರೆಸ್‌ಗೆ 122 ಬಂದಾಗ ಇಲ್ಲಿ ಬಿಜೆಪಿ. 2023ರಲ್ಲಿ ಕಾಂಗ್ರೆಸ್‌ಗೆ 135 ಬಂದಾಗಲೂ ಇಲ್ಲಿ ಬಿಜೆಪಿ. ಗಾಳಿ ಬೀಸಿದ ಕಡೆಗೆಲ್ಲ ವಾಲುವ ಕ್ಷೇತ್ರ ಇದಲ್ಲ. ಬರೀ ಕ್ಷೇತ್ರದ ಅಂಕಿ ನೋಡುತ್ತಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

2018ರ ಕಥೆ ಬೇರೆ. ಪ್ರಚಾರದ ನಡುವೆ ಕುಸಿದ ಶಾಸಕ ವಿಜಯಕುಮಾರ್ ಮೇ 4ರಂದು ತೀರಿಕೊಂಡರು. ಅವರು ಬಿಜೆಪಿಯ ಅಭ್ಯರ್ಥಿಯೂ ಆಗಿದ್ದರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಹೀಗೆ ತೀರಿಕೊಂಡರೆ ಮತದಾನ ಮುಂದೂಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಮೇ 12ರಂದು ರಾಜ್ಯ ಮತ ಹಾಕಿದಾಗ ಜಯನಗರ ಹಾಕಲಿಲ್ಲ. ರಾಜರಾಜೇಶ್ವರಿನಗರದ ಮತದಾನವೂ ಬೇರೆ ಕಾರಣಕ್ಕೆ ಮುಂದೆ ಹೋಗಿತ್ತು. ಜಯನಗರದ್ದು ನಡೆದದ್ದು ಜೂನ್ 11ಕ್ಕೆ. ಅಷ್ಟರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿಯೇ ಬಿಟ್ಟಿದ್ದರು! ಸೌಮ್ಯಾ ರೆಡ್ಡಿ 54,457 ಮತ ಪಡೆದರು. ವಿಜಯಕುಮಾರ್ ಅವರ ತಮ್ಮ ಬಿ.ಎನ್. ಪ್ರಹ್ಲಾದ್ 51,568. ಅಂತರ 2,889.

ಕೆಲವು ಪಟ್ಟಿಗಳಲ್ಲಿ ಆ ವರ್ಷ ಕಾಂಗ್ರೆಸ್‌ಗೆ 78 ಸೀಟು ಎಂದಿದೆ, ಕೆಲವದರಲ್ಲಿ 80. ಎರಡೂ ಸರಿ. ಮೇ ತಿಂಗಳ ಎಣಿಕೆ 222 ಕ್ಷೇತ್ರದ್ದು. ಬಾಕಿ ಎರಡನ್ನೂ ಕಾಂಗ್ರೆಸ್ ಆಮೇಲೆ ಗೆದ್ದಿತು. ಹೀಗಾಗಿ ಪ್ರತಿ ಅಂಕಿಯ ಪಕ್ಕ ಅದು ಯಾವ ದಿನದ ಲೆಕ್ಕ ಎಂದೂ ಬರೆಯುತ್ತಾ ಹೋದೆ.

ನನಗೆ ತುಂಬಾ ಸಮಯ ಹಿಡಿದದ್ದು 2023. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಬರೀ 16 ಮತಗಳ ಅಂತರ. ಮೊದಲು ಸೌಮ್ಯಾ ರೆಡ್ಡಿ ಮುಂದೆ ಎಂಬ ಸುದ್ದಿ ಬಂತು. ಆಮೇಲೆ ತಿರಸ್ಕೃತವಾದ ಅಂಚೆ ಮತಗಳ ಬಗ್ಗೆ ತಕರಾರು ಎದ್ದಿತು, ಮರು ಎಣಿಕೆ ನಡೆಯಿತು, ತಡರಾತ್ರಿ ಫಲಿತಾಂಶ ಹೊರಬಿತ್ತು. ಈ ಭಾಗವನ್ನು ಪತ್ರಿಕೆಗಳಿಂದಷ್ಟೇ ಬರೆಯಲು ನನಗೆ ಧೈರ್ಯ ಸಾಲಲಿಲ್ಲ. ಫಾರ್ಮ್ 20 ತೆಗೆದೆ. ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂದು ಹೇಳುವ ಅಂತಿಮ ಹಾಳೆ ಅದು. ಮತಯಂತ್ರದ ಒಟ್ಟು ಮೊತ್ತ ಒಂದು ಸಾಲಿನಲ್ಲಿ, ಅದರ ಕೆಳಗೆ ಅಂಚೆ ಮತಗಳದ್ದೇ ಪ್ರತ್ಯೇಕ ಸಾಲು. ಅಂಚೆ ಮತ ಯಾವ ಬೂತಿಗೂ ಸೇರುವುದಿಲ್ಲ. ಚುನಾವಣಾ ಕೆಲಸಕ್ಕೆ ಹೋದ ಸಿಬ್ಬಂದಿ, ಸೇನೆಯಲ್ಲಿರುವವರು, ಆ ಸಲ ಮನೆಯಿಂದಲೇ ಮತ ಹಾಕಿದ 80 ದಾಟಿದ ಹಿರಿಯರು ಮತ್ತು ಅಂಗವಿಕಲರು, ಎಲ್ಲರೂ ಆ ಒಂದು ಸಾಲಿನಲ್ಲಿದ್ದಾರೆ. ಬೂತ್‌ಗಳನ್ನಷ್ಟೇ ಕೂಡಿ ಚರಿತ್ರೆ ಬರೆದರೆ ಜಯನಗರದ ಅತಿ ಮುಖ್ಯ ಚುನಾವಣೆಯನ್ನು ತೀರ್ಮಾನಿಸಿದವರೇ ಬಿಟ್ಟುಹೋಗುತ್ತಾರೆ, ಅಲ್ವಾ?

ಇದಕ್ಕಿಂತ ಸಣ್ಣ ಅಂತರವೂ ರಾಜ್ಯದಲ್ಲಿ ಆಗಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಮತದಿಂದ ಗೆದ್ದರು. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು.

ಈಗ ಕೈಯಲ್ಲಿರುವ ಕೆಲಸ 2008ರಿಂದ ಈಚಿನ ಫಾರ್ಮ್ 20ಗಳನ್ನು ಬೂತ್ ಬೂತಿಗೂ ಹೊಂದಿಸುವುದು. ಬೂತ್ ನಂಬರ್ ನಂಬುವಂತಿಲ್ಲ. ಮತದಾರರು ಜಾಸ್ತಿಯಾದಂತೆ ಹೊಸ ಬೂತ್ ಸೇರುತ್ತದೆ, ಮುಂದಿನ ನಂಬರೆಲ್ಲ ಸರಿಯುತ್ತದೆ. ಹಾಗಾಗಿ ಆಯಾ ವರ್ಷದ ಮತಗಟ್ಟೆ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಶಾಲೆಯ ಹೆಸರು ಮತ್ತು ಕೊಠಡಿ ನೋಡಿ ಹೊಂದಿಸುತ್ತಿದ್ದೇನೆ. ಭೈರಸಂದ್ರದಿಂದ ಶುರು ಮಾಡಿದ್ದೇನೆ, ಸಾರಕ್ಕಿ ಇನ್ನೂ ಬಾಕಿ ಇದೆ.